ಮಂಜಿಯ ಹೊಟ್ಟೆಯಲ್ಲಿ ಎದ್ದ ಒರತೆ

ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಹಾಗಂತ ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಗೌರಿಬಿದನೂರು, ತೊಂಡೇಬಾವಿ ಕಡೆ ಹಳೆ ಬಾವಿಗಳ ಹೂಳೆತ್ತುವುದು ನನ್ನ ಕೆಲಸವಾಗಿತ್ತು. ತಳದಲ್ಲಿ ಕೂತು ಬಂಡೆಗೆ ಕಿವಿಯಿಟ್ಟರೆ ಒರತೆ ಎಲ್ಲಿದೆ ಎಂದು ಹೇಳುತ್ತಿದ್ದೆ. ಬಾವಿಗಳೆಲ್ಲ ಬತ್ತಿದ ಮೇಲೆ ಚಿಂತಾಮಣಿಯ ತರಕಾರಿ ಮಂಡಿ ಸೇರಿದೆ. ಮಂಡಿಯ ಸಾಹುಕಾರರು ಒಮ್ಮೆ ಮಂಗಳೂರಿನಿಂದ ಸಮುದ್ರದಾಚೆಯ ದ್ವೀಪವೊಂದಕ್ಕೆ ಟೊಮೆಟೊ ಕಳಿಸಿದರು. ದಾರಿಯಲ್ಲಿ ಕೊಳೆತದ್ದನ್ನು ಆರಿಸಿ ಎಸೆಯಲು, ಹಾಯಿ ಕಟ್ಟಿದ ಮರದ ಮಂಜಿಗೆ ನನ್ನನ್ನೂ ಹತ್ತಿಸಿದರು.

ಮಂಜಿ ನಡೆಸುವ ತಂಡೇಲನೇ ಅದರ ಒಡೆಯ, ಕರಾವಳಿಯವನು. ಮೊದಲ ದಿನ ನಾನು ವಾಂತಿ ಮಾಡಿಕೊಂಡಾಗ, “ಎಂತ ಮಾರಾಯ, ಘಟ್ಟದವರಿಗೆ ನೀರು ನೋಡಿದ್ರೇ ತಲೆ ತಿರುಗ್ತದಾ?” ಎಂದ. ಉಳಿದ ಐವರೂ ನಕ್ಕರು. ಇನ್ನು ಇವರ ಮುಂದೆ ಬಾಯಿ ಬಿಡಬಾರದು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮಂಜಿಯ ಹೊಟ್ಟೆಯೊಳಗೆ, ಕ್ರೇಟುಗಳ ನಡುವೆ ಕೂತಿದ್ದಾಗ ಆ ಸದ್ದು ಕೇಳಿಸಿತು. ಬಾವಿಯ ಬಂಡೆಯ ಬಿರುಕಿನಿಂದ ಒರತೆ ಎದ್ದಾಗ ಬರುವ, ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸುವಂಥ ಸದ್ದು. ಅದನ್ನು ಕೇಳಿ ಎಷ್ಟೋ ವರ್ಷವಾಗಿತ್ತು. ಬಾವಿಯಲ್ಲಿ ಮಾಡುತ್ತಿದ್ದ ಹಾಗೆ ಕೈ ಮುಗಿದೆ. ನನಗೆ ಸಂತೋಷವಾಗಿತ್ತು, ಆ ಸಂತೋಷ ನೆನೆದರೆ ಈಗಲೂ ಭಯವಾಗುತ್ತದೆ. ಮರದ ಹಡಗೆಂದ ಮೇಲೆ ಇಷ್ಟು ಒಸರುತ್ತದೇನೋ, ಕೇಳಿದರೆ ಮತ್ತೆ ನಗುತ್ತಾರೆ ಎಂದು ಸುಮ್ಮನಾದೆ.

ಮಧ್ಯಾಹ್ನ ಗಾಳಿ ಪೂರಾ ನಿಂತಿತು. ಹಾಯಿ ಒದ್ದೆ ಸೀರೆಯಂತೆ ಜೋತುಬಿತ್ತು. ಸಮುದ್ರ ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ಒಂದು ಅಲೆಯಿಲ್ಲ, ಒಂದು ಹಕ್ಕಿಯಿಲ್ಲ. ಆ ನಿಶ್ಶಬ್ದದಲ್ಲೇ ಮಂಜಿ ಮೆಲ್ಲಗೆ ಎಡಕ್ಕೆ ವಾಲಿತು. ಇದ್ದೊಂದು ಎಂಜಿನ್ ಚಾಲೂ ಮಾಡಲು ಹೋದರೆ ಅದು ಆಗಲೇ ನೀರು ಕುಡಿದಿತ್ತು. ಕೆಳಗೆ ಬಗ್ಗಿ ನೋಡಿದರೆ, ಕತ್ತಲಲ್ಲಿ ಟೊಮೆಟೊಗಳು ಒಂದನ್ನೊಂದು ತಾಕುತ್ತ ನಮ್ಮ ಕಡೆಗೇ ಏರಿ ಬರುತ್ತಿದ್ದವು.

“ಎಲ್ಲಿ ಬಿರುಕು ಬಿಟ್ಟದ್ದು ಅಂತಲೇ ಗೊತ್ತಾಗ್ತಿಲ್ಲ!” ಎಂದು ತಂಡೇಲ ಕೂಗಿದ.

“ಎಡಗಡೆ, ಮೂರನೇ ತೊಲೆ ಹತ್ರ ಐತಣ್ಣ,” ಎಂದೆ.

ಅವನು ಗೋಣಿಚೀಲ ಹಿಡಿದು ಮುಳುಗಿ, ತಡಕಾಡಿ ತುರುಕಿ ಬಂದ. ಮಂಜಿ ಇಳಿಹೊತ್ತಿನವರೆಗೆ ತಡೆದುಕೊಂಡಿತು. ಅಷ್ಟರಲ್ಲಿ ದೂರದಲ್ಲಿ ಹೋಗುತ್ತಿದ್ದ ಸರಕು ಹಡಗೊಂದು ನಾವು ಬೀಸುತ್ತಿದ್ದ ಬಟ್ಟೆ ಕಂಡು ಹತ್ತಿರ ಬಂತು. ಹಗ್ಗದ ಏಣಿ ಹಿಡಿದು ಏಳು ಜನವೂ ಹತ್ತಿದೆವು, ಕೊನೆಗೆ ತಂಡೇಲ. ತಿರುಗಿ ನೋಡಿದರೆ ಹಾಯಿಕಂಬದ ತುದಿ ಮಾತ್ರ ಉಳಿದಿತ್ತು. ಅದೂ ಸದ್ದಿಲ್ಲದೆ ಇಳಿಯಿತು, ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ.

ಆ ಹಡಗಿನವರು ಕೊಟ್ಟ ಚಹಾ ಕುಡಿಯುತ್ತಿದ್ದಾಗ ನಮ್ಮ ಅಡುಗೆಯವನು, “ಈ ಘಟ್ಟದವ ಇಲ್ಲದಿದ್ರೆ ನಾವು ಇವತ್ತು ಮೀನಿಗೆ ಊಟ!” ಎಂದು ನನ್ನ ಬೆನ್ನು ತಟ್ಟಿದ. ತಂಡೇಲ ನಗಲಿಲ್ಲ.

“ನಮಗೆ ಕಾಣದ ಜಾಗ ನಿಂಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದ.

ಸುಳ್ಳು ಹೇಳಬಹುದಿತ್ತು. “ಬೆಳಿಗ್ಗೇನೇ ಸದ್ದು ಕೇಳಿಸ್ತಣ್ಣ,” ಎಂದೆ.

ಅವನು ಲೋಟ ಕೆಳಗಿಟ್ಟ. “ಆಗ ಹೇಳಿದ್ರೆ ಬಿರುಕಿಗೆ ತುರುಕ್ಲಿಕ್ಕೆ ಒಂದು ಹಿಡಿ ಹತ್ತಿ ಸಾಕಿತ್ತು, ಮಾರಾಯ.”