ರಸ್ತೆ ಎತ್ತರವಾದ ಮೇಲೆ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದಲ್ಲಿ, ನವುಲೆಯಿಂದಾಚೆಯ ಹೊಸ ಲೇಔಟಿನಲ್ಲಿ ನಾವು ಮನೆ ಕಟ್ಟಲು ಹೊರಟಾಗ ಅಲ್ಲಿ ರಸ್ತೆಯೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ಗಡಿಕಲ್ಲು ನೆಟ್ಟ ಸೈಟುಗಳಿದ್ದವು. ಅವುಗಳ ಅಂಚಿಗೆ, ಲೇಔಟಿಗಿಂತ ಎಷ್ಟೋ ಮೊದಲಿನಿಂದ ಇದ್ದ ಹೆಂಚಿನ ಮನೆಗಳ ಒಂದು ಸಾಲು. ಮೊದಲನೆಯ ಮನೆಯಲ್ಲಿ ಎಮ್ಮೆ ಸಾಕಿಕೊಂಡು ಹಾಲು ಮಾರುತ್ತಿದ್ದ ಹೆಂಗಸೊಬ್ಬಳಿದ್ದಳು. ಗಂಡ ತೀರಿಹೋಗಿದ್ದ, ಮಗಳನ್ನು ಹೊಳಲೂರಿಗೆ ಕೊಟ್ಟಿದ್ದಳು. ಕಟ್ಟಡಕ್ಕೆ ನೀರಿಲ್ಲದೆ ನಾವು ಪರದಾಡುವುದನ್ನು ಕಂಡು, ತನ್ನ ಬಾವಿಗೆ ಮೋಟಾರು ಇಳಿಸಿಕೊಳ್ಳಿ ಎಂದು ಅವಳೇ ಬಂದು ಹೇಳಿದಳು. ನಮ್ಮ ಗೋಡೆಗಳು ಗಟ್ಟಿಯಾದದ್ದು ಆ ನೀರಿನಿಂದ.

ಮನೆಯಾದರೂ ಓಡಾಟ ಕೆಸರಿನಲ್ಲೇ. ಭದ್ರಾವತಿಯ ಶಾಲೆಗೆ ಪಾಠ ಮಾಡಲು ಹೋಗುವಾಗ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸಿನವರೆಗೆ ನಡೆಯುತ್ತಿದ್ದೆ. ಸೈಟು ಕೊಂಡವರೆಲ್ಲ ಸೇರಿ ಕಚೇರಿಗಳಿಗೆ ಅಲೆದೆವು. ಕೊನೆಗೆ ಸರ್ಕಾರದ ಅನುದಾನ ಬಂತು. ಹೊಸ ಬಡಾವಣೆಗಳಲ್ಲಿ ಜನ ಮನೆ ಕಟ್ಟುವಂತಾಗಲೆಂದೇ ಕೊಡುವ ಹಣವಂತೆ ಅದು. ಒಳಚರಂಡಿ, ನೀರಿನ ಪೈಪು, ಕಾಂಕ್ರೀಟು ರಸ್ತೆ ಒಂದರ ಹಿಂದೊಂದು ಬಂದವು. ಜೆಸಿಬಿ ಕೆಲಸ ಮಾಡುವುದನ್ನು ನೋಡಲು ಅವಳೂ ಬಾಗಿಲಲ್ಲಿ ನಿಂತಿದ್ದಳು. ಇನ್ನು ಹಾಲಿನ ಕ್ಯಾನು ಹಿಡಿದು ಜಾರಿ ಬೀಳುವ ಭಯವಿಲ್ಲ ಎಂದು ಸಂತೋಷಪಟ್ಟಳು.

ಚರಂಡಿಯ ಇಳಿಜಾರಿಗಾಗಿ ರಸ್ತೆಯನ್ನು ಮಣ್ಣು ತುಂಬಿ ಎತ್ತರಿಸಿದ್ದರು. ಅದು ಅವಳ ಹೊಸ್ತಿಲಿಗಿಂತ ಮೇಲೆ ಬಂದದ್ದು ಮೊದಲ ದೊಡ್ಡ ಮಳೆಯವರೆಗೆ ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಅಂದು ಮಧ್ಯಾಹ್ನ ಹನಿ ತಾಗದ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೆ. ನಮ್ಮ ಬೀದಿಯ ನೀರೆಲ್ಲ ಸರಾಗವಾಗಿ ಹರಿದುಹೋಗುತ್ತಿತ್ತು. ಕೆಲಸ ಎಷ್ಟು ಚೆನ್ನಾಗಾಗಿದೆ ಎಂದು ಗಂಡನಿಗೆ ಹೇಳುತ್ತಿದ್ದಾಗಲೇ ಎಮ್ಮೆಗಳ ಕೂಗು ಕೇಳಿಸಿತು. ಓಡಿದೆವು. ಅವಳ ಮನೆಯೊಳಗೆ ಮೊಣಕಾಲುದ್ದ ನೀರು. ಅಕ್ಕಿಯ ಮೂಟೆ ನೆನೆದಿತ್ತು, ಹಾಸಿಗೆ ತೇಲುತ್ತಿತ್ತು. ಎಮ್ಮೆಗಳನ್ನು ಬಿಚ್ಚಿ ನಮ್ಮ ಕಾಂಪೌಂಡಿಗೆ ತಂದು ಕಟ್ಟಿದೆವು. ನಮ್ಮಲ್ಲೇ ಮಲಗು ಎಂದರೆ ಅವಳು ಒಪ್ಪಲಿಲ್ಲ. ಸೆರಗು ಹಿಂಡಿಕೊಳ್ಳುತ್ತಾ, ಯಾರನ್ನೂ ದೂರದೆ ಕೇಳಿದಳು:

"ಈ ನೀರು ನಿಮ್ ಕಡೆಯಿಂದ ಬಂದಿದ್ದು ಅಲ್ವಾ ಮಾರಾಯ್ತಿ?"

ಹೌದು ಎಂದೆ.

ಮಾರನೆಯ ವಾರ ಅವಳನ್ನು ಕರೆದುಕೊಂಡು ರಸ್ತೆ ಮಾಡಿಸಿದ ಕಚೇರಿಗೆ ಹೋದೆ. ಎಂಜಿನಿಯರು ಸಭ್ಯರು, ಕೂರಿಸಿ ಮಾತಾಡಿದರು. ರಸ್ತೆಯಡಿ ಒಂದು ಮೋರಿ ಹಾಕಿದರೆ ನೀರು ಆಚೆಯ ಹಳ್ಳಕ್ಕೆ ಹೋಗುತ್ತದೆ, ಆದರೆ ಅನುದಾನ ಲೇಔಟಿಗೆ ಮಾತ್ರ ಎಂದರು. ಆ ಹಳೆಯ ಸಾಲು ಲೇಔಟಿನ ನಕ್ಷೆಯಲ್ಲಿಲ್ಲ. ಮುಂದಿನ ಕಂತಿನಲ್ಲಿ ನೋಡೋಣ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು. ಅದನ್ನು ತೆಗೆದುಕೊಳ್ಳಲೂ ನನಗೆ ಸಂಕೋಚವಾಯಿತು.

ನಮ್ಮ ಬೀದಿಯವರ ಸಭೆಯಲ್ಲೂ ಮಾತೆತ್ತಿದೆ. ಹೊಸ ರಸ್ತೆ ಅಗೆಯುವುದೇ ಎಂದು ಕೆಲವರು ಮುಖ ಸಿಂಡರಿಸಿದರು, ಆದರೂ ಮನವಿಗೆ ಸಹಿ ಹಾಕಿದರು. ಮೋರಿ ಬಂತು, ಆದರೆ ಇನ್ನೊಂದು ಮಳೆಗಾಲ ಕಳೆದ ಮೇಲೆ. ಅಷ್ಟರೊಳಗೆ ಅವಳು ರಸ್ತೆ ಕಡೆಯ ಬಾಗಿಲನ್ನು ಕಿತ್ತು, ಆ ಜಾಗಕ್ಕೆ ಇಟ್ಟಿಗೆ ಕಟ್ಟಿಸಿ, ಹಿತ್ತಿಲ ಕಡೆ ಹೊಸ ಬಾಗಿಲು ಇಡಿಸಿಕೊಂಡಿದ್ದಳು.

ಈಗ ಅವಳ ಮನೆಗೆ ಹೋಗಬೇಕೆಂದರೆ ಹಿತ್ತಿಲಾಚೆಯ ಗದ್ದೆಯ ಬದುವಿನ ಮೇಲೆ ಸುತ್ತಿಕೊಂಡು ಹೋಗಬೇಕು. ಮೊನ್ನೆ ಹೋದಾಗ, ಇನ್ನು ನೀರು ಬರುವುದಿಲ್ಲವಲ್ಲ, ಮುಂಬಾಗಿಲು ಮತ್ತೆ ಇಡಿಸು, ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂದೆ. ಮಜ್ಜಿಗೆಗೆ ಉಪ್ಪು ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

"ಬೇಡ ಬಿಡು. ಈ ಕಡೆ ಗಾಳಿ ಚೆನ್ನಾಗಿ ಬರುತ್ತೆ."

ನಿಜವಾಗಿಯೂ ಗಾಳಿ ಚೆನ್ನಾಗಿತ್ತು. ಮಜ್ಜಿಗೆ ಕುಡಿದೆ. ಅವಳು ಮಗಳ ಬಾಣಂತನದ ವಿಷಯ ಹೇಳತೊಡಗಿದಳು, ನಾನು ಕೇಳುತ್ತಾ ಕುಳಿತೆ. ಆದರೆ ಹಳೆಯ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿದ ಆ ಗೋಡೆಯ ಕಡೆ ಬೆನ್ನು ಮಾಡಿ ಕೂತಿದ್ದೆನೆಂಬುದು ಏಳುವಾಗ ಗೊತ್ತಾಯಿತು.