ಪಲ್ಲಾವರಂ ಸರಸಮ್ಮ ಮತ್ತು ಪಿಟೀಲು ರಾಜು

ಸರಸನಿಗೆ ಸಂಗೀತ ಬರುತ್ತಿರಲಿಲ್ಲ. ಅರಸೀಕೆರೆಯ ಕಡೆಯಿಂದ ರೈಲ್ವೆ ಗಾರ್ಡ್ ಆಗಿ ಮದರಾಸಿಗೆ ಬಂದಿದ್ದ ಅವಳ ತಂದೆ ಮಗಳಿಗೆ ಪಾಠ ಹೇಳಿಸಲು ನೋಡಿದ್ದುಂಟು. ಕೆಲವು ತಿಂಗಳಾದ ಮೇಲೆ ಮೇಷ್ಟರೇ ಮನೆಗೆ ಬಂದು, "ಹುಡುಗಿ ಲೆಕ್ಕದಲ್ಲಿ ಜಾಣೆ ಅಂತ ಕೇಳಿದೀನಿ, ಅದನ್ನೇ ಓದಿಸಿ" ಎಂದು ಕಾಫಿ ಕುಡಿದು ಹೋಗಿದ್ದರು. ಅವಳು ಓದಿದಳು, ಮೌಂಟ್ ರೋಡಿನ ವಿಮಾ ಆಫೀಸಿನಲ್ಲಿ ಕೆಲಸ ಹಿಡಿದಳು, ಮಣಲಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದಲ್ಲಿದ್ದ ಗಂಗಾಧರನನ್ನು ಮದುವೆಯಾದಳು. ಪಲ್ಲಾವರದಲ್ಲಿ ಸಂಸಾರ ಹೂಡಿ, ಒಬ್ಬಳು ಮಗಳನ್ನು ಹೆತ್ತು, ದಿನವೂ ಎಲೆಕ್ಟ್ರಿಕ್ ಟ್ರೈನಿನಲ್ಲಿ ಹೋಗಿಬಂದು ಮಾಡುತ್ತಾ ನಲವತ್ತರ ಹತ್ತಿರ ಬಂದಳು.

1997ರ ಡಿಸೆಂಬರಿನಲ್ಲಿ ಆಫೀಸಿನ ಗೆಳತಿಯೊಬ್ಬಳು ಅವಳನ್ನು ಮೈಲಾಪುರದ ಒಂದು ಸಣ್ಣ ಸಂಗೀತ ಸಭಾಕ್ಕೆ ಎಳೆದುಕೊಂಡು ಹೋದಳು. ಹೋದದ್ದು ನಿಜವಾಗಿ ಅಲ್ಲಿನ ಕ್ಯಾಂಟೀನಿನ ಅಡೈ ದೋಸೆಗಾಗಿ. ತಿಂದ ಮೇಲೆ ಮಳೆ ಬಂತು. ನಿಲ್ಲುವುದಕ್ಕೆ ಜಾಗವಿಲ್ಲದೆ ಇಬ್ಬರೂ ಒಳಗೆ ಹೋಗಿ ಕೂತರು.

ವೇದಿಕೆಯ ಮೇಲೆ ಮೂವತ್ತೈದರ ಆಸುಪಾಸಿನ, ಶರಟಿನ ಗುಂಡಿ ತಪ್ಪಾಗಿ ಹಾಕಿಕೊಂಡ ಒಬ್ಬ ಮನುಷ್ಯ ಕಾಂಭೋಜಿ ನುಡಿಸುತ್ತಿದ್ದ. ಹೆಸರು ಮಧ್ವರಾಜ. ಎಲ್ಲರೂ ಕರೆಯುತ್ತಿದ್ದುದು ಪಿಟೀಲು ರಾಜು ಎಂದು. ತಾತನ ಕಾಲದಲ್ಲಿ ಉಡುಪಿಯ ಕಡೆಯಿಂದ ಬಂದು ತಿರುವಲ್ಲಿಕ್ಕೇಣಿಯಲ್ಲಿ ನೆಲೆನಿಂತ ಮನೆತನ. ಸರಸನಿಗೆ ರಾಗದ ಹೆಸರೂ ಗೊತ್ತಿರಲಿಲ್ಲ. ಆದರೆ ಆ ಪಿಟೀಲು ತನಗೆ ಗೊತ್ತಿರುವ ಯಾರೋ ಒಬ್ಬರ ಸಮಾಚಾರವನ್ನು ಹೇಳುತ್ತಿದೆ, ಆ ಯಾರೋ ಯಾರೆಂಬುದು ಇನ್ನೇನು ಗೊತ್ತಾಗುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸುತ್ತಿರುವಾಗಲೇ ಅವನು ನಿಲ್ಲಿಸಿಬಿಟ್ಟ. ಕಮಾನು ತಂತಿಯಿಂದ ಒಂದು ಗೇಣು ಮೇಲೆ. ಕಣ್ಣು ಚಾವಣಿಯ ಫ್ಯಾನಿನ ಮೇಲೆ. ತುಟಿ ಏನೋ ಗೊಣಗುತ್ತಿತ್ತು.

ಪಕ್ಕದ ಮೃದಂಗದವರು ಕೈ ಮಡಿಚಿ ಕೂತರು. ಈಗ ಜನ ಏಳುತ್ತಾರೆ ಎಂದುಕೊಂಡಳು ಸರಸ. ಯಾರೂ ಏಳಲಿಲ್ಲ. ಮುಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಗೋಡೆಯ ಬಳಿ ಹೋಗಿ ಫ್ಯಾನುಗಳನ್ನೆಲ್ಲ ಆರಿಸಿ ಬಂದರು. ಚೀಲಗಳಿಂದ ಓಲೆಯ ಬೀಸಣಿಗೆಗಳು ಹೊರಬಂದವು. ಹತ್ತಾರು ಜನ ಮೊದಲೇ ತಂದಿದ್ದರು. ಕಾಲು ಗಂಟೆಯ ಮೇಲಾಯಿತು. ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಅವನು ಕಮಾನು ಇಳಿಸಿ, ಬಿಟ್ಟ ಸ್ವರದಿಂದಲೇ ಮತ್ತೆ ಹಿಡಿದ.

"ಮೇಲೆ ತಿರುಗೋ ಫ್ಯಾನು ತನ್ನ ಸ್ವರಾನ ಎಳ್ಕೊಂಡು ಹೋಗಿ ಬೇರೆ ಯಾರಿಗೋ ಕೊಡತ್ತೆ ಅಂತ ಅವನಿಗೆ ಸಂದೇಹ," ಎಂದು ಆ ಹಿರಿಯರು ಬಾಗಿಲಲ್ಲಿ ಅವಳಿಗೆ ಹೇಳಿದರು. ಅವರ ಹೆಸರು ಜಯರಾಮ, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. "ಜೀನಿಯಸ್ಸು ಅಂದ್ರೆ ಅಪ್ಪಡಿತಾನಮ್ಮ, ಹಾಗೇ ಇರೋದು. ನಾವು ಕೊಂಚ ಬೆವರಿದ್ರೆ ಏನು ನಷ್ಟ?"

ಆಮೇಲೆ ಸರಸ ಅವನ ಒಂದು ಕಛೇರಿಯನ್ನೂ ಬಿಡಲಿಲ್ಲ. ಜಯರಾಮರ ಸುತ್ತ ಮೂವತ್ತು ನಲವತ್ತು ಜನರ ಒಂದು ಬಳಗವಿತ್ತು. ಅವರೇ ಅವನಿಗೆ ಕಛೇರಿ ಏರ್ಪಾಡು ಮಾಡುತ್ತಿದ್ದರು, ಕರೆದುಕೊಂಡು ಬಂದು ಬಿಟ್ಟುಬರುತ್ತಿದ್ದರು, ಅವನು ಬಾರದೇ ಹೋದರೆ ಸಭಾದವರ ಎದುರು ತಾವೇ ತಪ್ಪೊಪ್ಪಿಕೊಳ್ಳುತ್ತಿದ್ದರು. ಜಯರಾಮರು ಪುಟ್ಟ ಟೇಪ್ ರೆಕಾರ್ಡರನ್ನು ಅಂಗವಸ್ತ್ರದ ಕೆಳಗೆ ಬಚ್ಚಿಟ್ಟು ಎಲ್ಲವನ್ನೂ ಹಿಡಿದಿಡುತ್ತಿದ್ದರು. ಆ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ದಾಟಿ ಪಲ್ಲಾವರಕ್ಕೂ ಬಂದವು.

ಗಂಗಾಧರನಿಗೆ ಇದು ಅರ್ಥವಾಗಲಿಲ್ಲ. ಅಡ್ಡ ಬರಲೂ ಇಲ್ಲ. "ನಿನ್ ಪಿಟೀಲು ಇವತ್ತು ಬರ್ತದೋ ಇಲ್ವೋ ಗ್ಯಾರಂಟಿ ಇಲ್ಲ, ನೀನು ಮಾತ್ರ ಹೋಗೋದು ಗ್ಯಾರಂಟಿ," ಎನ್ನುತ್ತಾ ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಿಡುತ್ತಿದ್ದ. ಮಗಳು ಕೃತಿ, ಪುಸ್ತಕದಿಂದ ತಲೆಯೆತ್ತದೆ, "ನೀ ಪೋಮ್ಮಾ, ನಾ ಪಾತ್ತುಕ್ಕರೇನ್," ಎಂದು ಎಂದಿನಂತೆ ತಮಿಳಿನಲ್ಲೇ ಮನೆಯ ಭಾರ ಒಪ್ಪಿಕೊಳ್ಳುತ್ತಿದ್ದಳು.

ಬರಬರುತ್ತಾ ಸರಸ ತಿರುವಲ್ಲಿಕ್ಕೇಣಿಯ ಮನೆಗೂ ಹೋಗುವಂತಾದಳು. ಅಲ್ಲಿ ರಾಜುವಿನ ಅಕ್ಕ ಅಂಬುಜಾ ಇದ್ದಳು. ತಮ್ಮನಿಗಾಗಿ ಮದುವೆ ಬಿಟ್ಟವಳು ಎಂದು ಜನ ಹೇಳುತ್ತಿದ್ದರು. ಅವಳನ್ನು ಕೇಳಿದರೆ, "ಹಾಗೇನಿಲ್ಲ, ಯಾರೂ ಕೇಳ್ಕೊಂಡು ಬರಲಿಲ್ಲ," ಎನ್ನುತ್ತಿದ್ದಳು. ಅಭಿಮಾನಿಗಳು ಕಾಣದ ರಾಜುವನ್ನು ಅವಳು ಕಂಡಿದ್ದಳು. ದಿನಗಟ್ಟಲೆ ಮೈ ತೊಳೆಯದ ರಾಜು, ಸಾಂಬಾರಿನಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ತಳ್ಳುವ ರಾಜು, ಗೋಡೆಯ ಜೊತೆ ಜಗಳವಾಡುವ ರಾಜು. ಕಛೇರಿಯ ಮರುದಿನ ಜನ ಹಣ್ಣು ಹೂವು ಹಿಡಿದು ಬಂದಾಗ ಅವಳು ಬಾಗಿಲು ಅರ್ಧ ತೆರೆದು, "ಮಲಗಿದಾನೆ," ಎಂದು ಕಳಿಸಿಬಿಡುತ್ತಿದ್ದಳು.

2000ನೇ ಇಸವಿಯ ಬೇಸಿಗೆಯಲ್ಲಿ ಅವನು ಮನೆಯಿಂದ ಕಾಣೆಯಾದ. ಕೆಲವು ದಿನಗಳ ಮೇಲೆ ಗುಮ್ಮಿಡಿಪೂಂಡಿಯ ಕಡೆ, ಹಳಿಯ ಪಕ್ಕ ಬರಿಗಾಲಲ್ಲಿ ನಡೆಯುತ್ತಿದ್ದವನನ್ನು ರೈಲ್ವೆಯವರು ಹಿಡಿದು ತಂದರು. ಈ ಸಲ ಅಂಬುಜಾ ಯಾರ ಮಾತನ್ನೂ ಕೇಳಲಿಲ್ಲ. ಆಸ್ಪತ್ರೆಗೆ ಸೇರಿಸಿದಳು.

ಎರಡು ತಿಂಗಳು ಬಿಟ್ಟು ಮರಳಿದ ರಾಜು ಸ್ನಾನ ಮಾಡುತ್ತಿದ್ದ, ಉಣ್ಣುತ್ತಿದ್ದ, ಫ್ಯಾನಿನ ಕೆಳಗೆ ಮಲಗುತ್ತಿದ್ದ. ಮುಖ ಊದಿತ್ತು, ಮಾತು ನಿಧಾನವಾಗಿತ್ತು. ಬೆರಳುಗಳಲ್ಲಿ ಸಣ್ಣದೊಂದು ನಡುಕ. ಆ ವರ್ಷದ ಕಛೇರಿಯಲ್ಲಿ ಅವನು ಎಲ್ಲೂ ನಿಲ್ಲಿಸಲಿಲ್ಲ, ಎಲ್ಲೂ ತಪ್ಪಲಿಲ್ಲ. ಶುರುವಾಯಿತು, ಮುಗಿಯಿತು. ಹೊರಗೆ ಜನ ಚಪ್ಪಲಿ ಹುಡುಕುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸರಸನಿಗೂ ಆ ದಿನ ಟ್ರೈನಿನಲ್ಲಿ, ಮದುವೆ ಮನೆಗೆ ಹೋಗಿ ಊಟ ಮಾಡದೆ ಬಂದ ಹಾಗಿತ್ತು.

"ಮಾತ್ರೆ ನಮ್ಮ ರಾಜುನ ಕೊಂದುಹಾಕ್ತು," ಎಂದರು ಜಯರಾಮರು. ಅವರ ಕಣ್ಣಲ್ಲಿ ನೀರಿತ್ತು.

ಮರುವರ್ಷ, 2001ರ ಡಿಸೆಂಬರು. ಅದೇ ಮೈಲಾಪುರದ ಸಭಾ. ಅವತ್ತು ರಾಜು ಕೂತ ರೀತಿಯೇ ಬೇರೆಯಿತ್ತು. ತೋಡಿ ರಾಗ ಹಿಡಿದವನು ಒಂದು ಗಂಟೆಗೂ ಮಿಕ್ಕಿ ಬಿಡಲಿಲ್ಲ. ಕೇಳುತ್ತ ಕೂತವರು ಬೀಸಣಿಗೆ ಬೀಸುವುದನ್ನು ಮರೆತರು. ಮೃದಂಗದವರು ತಮ್ಮ ಸರದಿ ಬಂದಾಗ ನುಡಿಸದೆ ಕೈ ಮುಗಿದರು. ಸರಸ ಅತ್ತಳು; ಯಾಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮನೆಗೆ ಬಂದು ಗಂಡನನ್ನು ಎಬ್ಬಿಸಿ, "ರೀ, ವಾಪಸ್ ಬಂದ್ಬಿಟ್ರು ಕಣ್ರೀ," ಎಂದಳು.

ವಾರ ಕಳೆದು ಒಂದು ಶನಿವಾರ ಮಧ್ಯಾಹ್ನ ಆಫೀಸು ಮುಗಿಸಿ, ಸ್ವಲ್ಪ ಮಲ್ಲಿಗೆ ಹೂವು ತೆಗೆದುಕೊಂಡು ಅವಳು ತಿರುವಲ್ಲಿಕ್ಕೇಣಿಗೆ ಹೋದಳು. ಬಾಗಿಲು ತೆರೆದ ಅಂಬುಜಾಳ ಬಲಗೈ ಮಣಿಕಟ್ಟು ಊದಿ ನೀಲಿಗಟ್ಟಿತ್ತು.

"ಏನಾಯ್ತು ಅಂಬುಜಕ್ಕ?"

"ತಳ್ಳಿದ. ಅವನು ತಳ್ಳಿದ್ದಲ್ಲ ಬಿಡು, ನಾನೇ ಅಡ್ಡ ನಿಂತಿದ್ದೆ." ಅವಳು ಸರಸನನ್ನು ಒಳಗೆ ಎಳೆದು ಅಗುಳಿ ಹಾಕಿದಳು. "ಎಷ್ಟೋ ದಿನಗಳಿಂದ ಅವನಿಗೆ ತೂಕ್ಕಮೇ ಇಲ್ಲ, ಕಣ್ಣು ಮುಚ್ಚಿಲ್ಲ. ಫ್ಯಾನು ಕಿತ್ತುಹಾಕಿದಾನೆ. ಈಗ ಅಡಿಗೆಮನೇಲಿ ನಿಂತಿದಾನೆ, ಬಿಡಲ್ಲ ಯಾರನ್ನೂ."

"ಮಾತ್ರೆ ತಗೋತಿದ್ರಲ್ಲ?"

"ಎಲ್ಲಿಂದ? ನಿಮ್ಮ ಜಯರಾಮರು ಬಂದು, ಕಛೇರಿ ಸೀಸನ್ನು ಮುಗಿಯೋ ತನಕ ನಿಲ್ಸು ರಾಜು, ಒಂದು ಸಲ ಮುಂಚಿನ ಹಾಗೆ ಕೇಳಬೇಕು ಅಂತ ಕೈ ಹಿಡ್ಕೊಂಡ್ರಂತೆ. ಇವನಿಗೂ ಅದೇ ಬೇಕಿತ್ತು. ನಾಲಿಗೆ ಅಡಿ ಇಟ್ಕೊಂಡು ನನ್ನ ಬೆನ್ನ ಹಿಂದೆ ಉಗೀತಿದ್ದ. ನಿನ್ನೆ ಅವನ ಬಾಯಿಂದಲೇ ಬಂತು." ಅವಳ ದನಿ ಏರಲಿಲ್ಲ. "ನೀವೆಲ್ಲ ಕೇಳಿದ್ರಲ್ಲ? ಚೆನ್ನಾಗಿತ್ತಾ?"

ಸರಸ ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಟಕಿಯ ಮೇಲಿಟ್ಟು ಅಡಿಗೆಮನೆಯ ಬಾಗಿಲಿಗೆ ಹೋದಳು. ರಾಜು ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಕೈಯಲ್ಲಿ ಏನೂ ಇರಲಿಲ್ಲ. ಗಡ್ಡ ಬೆಳೆದಿತ್ತು.

"ನಾನು ಪಲ್ಲಾವರಂ ಸರಸ."

"ಗೊತ್ತು. ಮೂರನೇ ಸಾಲು, ಕಂಬದ ಪಕ್ಕ." ಅವನು ಉಸಿರು ಬಿಗಿಹಿಡಿದು ಹೇಳಿದ. "ಎಲ್ಲಿಗೆ ಕರ್ಕೊಂಡು ಹೋಗ್ತೀರಿ?"

"ಆಸ್ಪತ್ರೆಗೆ."

"ಅಲ್ಲಿ ಫ್ಯಾನಿದೆ."

"ಇದೆ. ಸುಳ್ಳು ಹೇಳಲ್ಲ ನಾನು. ಆರಿಸಿ ಅಂತ ಕೇಳ್ತೀನಿ. ಆರಿಸ್ದೇ ಇದ್ರೆ ನಾನೂ ಅದರ ಕೆಳಗೇ ಕೂತಿರ್ತೀನಿ."

ಅವನು ಗೋಡೆಯಿಂದ ಬೆನ್ನು ಸರಿಸಿದ. "ತೋಡಿ ಹೇಗಿತ್ತು?"

"ಚೆನ್ನಾಗಿತ್ತು ಸಾರ್." ಮುಂದಿನ ಮಾತು ಅವಳು ಯೋಚಿಸಿ ಆಡಿದ್ದಲ್ಲ. "ಇನ್ನು ಅಷ್ಟು ಚೆನ್ನಾಗಿ ನುಡಿಸ್ಬೇಡಿ. ಸಾಕು."

ಅವನ ಮುಖದಲ್ಲಿ ಏನೋ ಸಡಿಲವಾಯಿತು. ನಗು ಎನ್ನುವಂತಿರಲಿಲ್ಲ. ಚಪ್ಪಲಿ ಎಲ್ಲಿ ಎಂದು ಅಕ್ಕನನ್ನು ಕೇಳಿದ. ಆಟೋದಲ್ಲಿ ಇಬ್ಬರು ಹೆಂಗಸರ ನಡುವೆ ಮಗುವಿನ ಹಾಗೆ ಮಂಡಿ ಕೂಡಿಸಿಕೊಂಡು ಕೂತ. ಆಸ್ಪತ್ರೆಯ ನರ್ಸು ಫ್ಯಾನು ಆರಿಸಲು ಒಪ್ಪಲಿಲ್ಲ. ಸರಸ ಹೇಳಿದಂತೆಯೇ ಕೂತಳು. ಸಂಜೆ ಇಂಜೆಕ್ಷನ್ನಿನಿಂದ ಅವನಿಗೆ ನಿದ್ದೆ ಹತ್ತಿದ ಮೇಲೆ ಅಂಬುಜಾಳ ಕೈಗೆ ಪಟ್ಟಿ ಹಾಕಿಸಿದರು. ಮೂಳೆ ಬಿರುಕು ಬಿಟ್ಟಿತ್ತು.

ಜಯರಾಮರ ಮನೆ ರಾಜುವಿನ ಮನೆಯಿಂದ ಮೂರು ಬೀದಿ ಆಚೆ. ಮರುದಿನ ಸರಸ ಹೋದಾಗ ಅವರು ಟೇಪಿನ ಮುಂದೆ ಕೂತಿದ್ದರು. ಅವಳನ್ನು ಕಂಡದ್ದೇ, "ಬಾಮ್ಮ, ತೋಡಿ ಎಷ್ಟು ಸೊಗಸಾಗಿ ಬಂದಿದೆ ನೋಡು, ನಿನಗೂ ಒಂದು ಕಾಪಿ ಮಾಡಿಟ್ಟಿದೀನಿ," ಎಂದರು. ಸರಸ ನಿಂತೇ ಎಲ್ಲವನ್ನೂ ಹೇಳಿದಳು. ಅವರು ಟೇಪು ನಿಲ್ಲಿಸಿದರು.

"ಆ ತೋಡಿ ಪೂರ್ತಿ ಕೇಳಿದೀಯಲ್ಲ ನೀನು?" ಎಂದರು. "ಅಂಥದ್ದು ಲೋಕದಲ್ಲಿ ಇಲ್ಲದೇ ಹೋಗೋದು ಸರಿಯಾ?"

"ಅದನ್ನ ನನ್ ಕೇಳ್ಬೇಡಿ, ನಂಗೆ ಸಂಗೀತ ಗೊತ್ತಿಲ್ಲ. ಅಂಬುಜಕ್ಕನ ಕೈ ಮುರಿದಿದೆ. ಅದು ಮಾತ್ರ ಗೊತ್ತು."

ಕ್ಯಾಸೆಟ್ಟು ಅವಳು ತೆಗೆದುಕೊಳ್ಳಲಿಲ್ಲ. ಜಯರಾಮರು ಕೆಟ್ಟ ಮನುಷ್ಯರಲ್ಲ. ರಾಜು ಆಸ್ಪತ್ರೆಯಲ್ಲಿದ್ದಷ್ಟು ಕಾಲ ಟಿಫಿನ್ ಕ್ಯಾರಿಯರಿನಲ್ಲಿ ಊಟ ಹೊತ್ತು ಹೋದವರು ಅವರೇ. ಆದರೆ ಸರಸ ನಾಲ್ಕೈದು ವರ್ಷ ಅವರೊಡನೆ ಮಾತಾಡಲಿಲ್ಲ.

ವೈದ್ಯರು ಔಷಧಿ ಬದಲಾಯಿಸಿದರು. ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ರಾಜು ದೊಡ್ಡ ಕಛೇರಿಗಳನ್ನು ಬಿಟ್ಟ, ಮನೆಯಲ್ಲೇ ಮಕ್ಕಳಿಗೆ ಪಾಠ ಶುರುಮಾಡಿದ. ಬಳಗ ಒಬ್ಬೊಬ್ಬರಾಗಿ ಕರಗಿತು. ಕೆಲವರು ಬೇರೆ ಹೊಸ ಹುಡುಗರನ್ನು ಹುಡುಕಿಕೊಂಡರು. ಕೆಲವರು ಹಳೆಯ ಕ್ಯಾಸೆಟ್ಟುಗಳನ್ನು ಸೀಡಿ ಮಾಡಿಸಿಕೊಂಡು ಅದರಲ್ಲೇ ತೃಪ್ತರಾದರು. ಅವರ ಪಾಲಿಗೆ ರಾಜು ತೀರಿಕೊಂಡಿದ್ದ, ಆ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

2004ರಿಂದ ಸರಸ ವರ್ಷಕ್ಕೊಮ್ಮೆ ತಮ್ಮ ಫ್ಲಾಟುಗಳ ಮಹಡಿಯ ಹಾಲಿನಲ್ಲಿ ಅವನನ್ನು ನುಡಿಸಲು ಕರೆಯತೊಡಗಿದಳು. ಭಾನುವಾರ ಬೆಳಗ್ಗೆ, ಮುಕ್ಕಾಲು ಗಂಟೆ, ಆಮೇಲೆ ಎಲ್ಲರಿಗೂ ಉಪ್ಪಿಟ್ಟು. ಹಳೆಯದನ್ನು ನುಡಿಸಿ ಎಂದು ಯಾರೂ ಕೇಳಬಾರದು. ಬರುತ್ತಿದ್ದವರು ಹದಿನೈದು ಇಪ್ಪತ್ತು ಮಂದಿ, ಅರ್ಧ ಜನ ಅಕ್ಕಪಕ್ಕದವರು. ಮೂರನೆಯ ವರ್ಷ ಜಯರಾಮರೂ ಬಂದು ಹಿಂದೆ ಕೂತರು. ಸರಸ ಉಪ್ಪಿಟ್ಟಿನ ತಟ್ಟೆ ಕೊಟ್ಟಳು. "ಉಪ್ಪು ಸರಿಯಾಗಿದೆ," ಎಂದರು. ಮಾತು ಅಲ್ಲಿಂದ ಮತ್ತೆ ಶುರುವಾಯಿತು.

2007ರಲ್ಲಿ ಅಂಬುಜಾ ಹೃದಯಾಘಾತದಿಂದ ಹೋದಳು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮೇಲೆ, ರಾಜುವಿಗೆ ಮಾತ್ರೆ ಕೊಡುವವರು ಯಾರು ಎಂಬ ಮಾತು ಬಂತು. ಪಲ್ಲಾವರದಿಂದ ದಿನಾ ಬರುವುದು ಸರಸನಿಂದ ಆಗದ ಮಾತು. ಎಪ್ಪತ್ತು ದಾಟಿದ ಜಯರಾಮರು, "ನಾನು ಹತ್ತಿರ ಇದೀನಿ," ಎಂದರು.

ಅಂದಿನಿಂದ ಅವರು ಬೆಳಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತಂದು, ಮಾತ್ರೆ ನುಂಗಿಸಿ, "ಆ ಅನ್ನು, ನಾಲಿಗೆ ಎತ್ತು," ಎಂದು ನೋಡಿಯೇ ಹೋಗುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಅಭಿಪ್ರಾಯವನ್ನೂ ಬದಲಾಯಿಸಲಿಲ್ಲ. "ಆ ಸಂಗೀತ ಹೋಯ್ತು ಸರಸಮ್ಮ, ನನ್ನ ಕೈಯಾರೆ ದಿನಾ ಅದಕ್ಕೆ ಮಣ್ಣು ಹಾಕ್ತಿದೀನಿ," ಎಂದು ಫೋನಿನಲ್ಲಿ ಗೊಣಗುತ್ತಿದ್ದರು.

ಈ ಮಾತನ್ನು ಸರಸ ಒಮ್ಮೆ, 2009ರ ಬೇಸಿಗೆಯಲ್ಲಿರಬೇಕು, ರಾಜುವಿನ ಕಿವಿಗೂ ಹಾಕಿದಳು. ಸಂಜೆಯ ಪಾಠಕ್ಕೆ ಮಕ್ಕಳು ಇನ್ನೂ ಬಂದಿರಲಿಲ್ಲ. ಅವನು ಕಮಾನಿಗೆ ರಾಳ ಉಜ್ಜುತ್ತಿದ್ದ.

"ನಿಮಗೆ ಹಾಗನ್ಸತ್ತಾ ಸಾರ್?"

"ಅವರೆಲ್ಲ ಕೂತು ಕೇಳ್ತಿದ್ರು. ಅವರಿಗೆ ಸರಿ," ಎಂದ ಅವನು. "ನನ್ನನ್ನ ಯಾರೋ ಅಟ್ಟಿಸ್ಕೊಂಡು ಬರ್ತಿದ್ರಮ್ಮ. ಓಡ್ತಿದ್ದೆ. ಓಡೋ ಸದ್ದು ಚೆನ್ನಾಗಿತ್ತು ಅಂತ ಕಾಣತ್ತೆ." ಸ್ವಲ್ಪ ಹೊತ್ತು ಉಜ್ಜಿದ. "ಅಕ್ಕ ಇದ್ದಾಗ ಇದನ್ನ ಹೇಳ್ಬೇಕಿತ್ತು. ಆಗ ಹೊಳೀಲಿಲ್ಲ."

ಇಬ್ಬರು ಹುಡುಗಿಯರು ಬಂದು ಚಾಪೆ ಹಾಸಿಕೊಂಡು ಸರಳೆ ವರಸೆ ಶುರುಮಾಡಿದರು. ಒಬ್ಬಳ ತಂತಿ ಇಳಿದಿತ್ತು. ರಾಜು ಅವಳ ಪಿಟೀಲನ್ನು ಕೇಳಿ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಬಿರಡೆ ತಿರುವಿ ಕೊಟ್ಟ. ಆಮೇಲೆ ಸರಸನ ಕಡೆ ತಿರುಗಿ, ಪಲ್ಲಾವರದ ಶುಕ್ರವಾರದ ಸಂತೆಯಲ್ಲಿ ಗಿಡದ ಕುಂಡ ಸಿಗುತ್ತವೆಯೇ, ಮಹಡಿಯ ಮೇಲೆ ಒಂದು ಕರಿಬೇವು ಹಾಕಬೇಕೆಂದಿದ್ದೇನೆ ಎಂದು ಕೇಳಿದ. ಸಿಗುತ್ತವೆ, ಆದರೆ ಬಸ್ಸಿನಲ್ಲಿ ತರುವುದು ಕಷ್ಟ ಎಂದಳು ಅವಳು. ಗಂಗಾಧರನ ಸ್ಕೂಟರಿನಲ್ಲಿ ಕಳಿಸುವುದೆಂದು ತೀರ್ಮಾನವಾಯಿತು.