ಸುವರ್ಣಕ್ಕನ ದನಿ ಚಲೋ ಇಲ್ಲ ಎಂದವರು ಯಾರು?

ನಮ್ಮ ಇಳಕಲ್ಲಿನ ಯಾವ ಓಣಿಯಲ್ಲಾದರೂ ಕೇಳಿ ನೋಡಿ. ಸುವರ್ಣಕ್ಕನ ಕಥೆಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ‘ಸಣ್ಣಾಕಿ ಇದ್ದಾಗ ಸಿನಿಮಾದಾಗ ಮಾಡಿದ್ಲರಿ. ದನಿ ಚಲೋ ಇರಲಿಲ್ಲ, ಬಿಟ್ಟಬಿಟ್ರು.’

ಕೊನೆಗೊಂದು ‘ಪಾಪ’. ಅಲ್ಲಿಗೆ ಒಂದು ಜೀವನ ಖಲಾಸ್.

ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಇಷ್ಟೇ: ಎಲ್ಲರೂ ಒಟ್ಟಿಗೆ ತಲೆಯಾಡಿಸುವ ಮಾತು ಸಿಕ್ಕರೆ ಮೊದಲು ಅದರ ಬುಡ ಅಲ್ಲಾಡಿಸಿ ನೋಡು. (ಈ ಚಟದಿಂದಾಗಿ ಮದುವೆಮನೆಯಲ್ಲಿ ಊಟಕ್ಕೆ ನನ್ನ ಪಕ್ಕ ಯಾರೂ ಕೂಡುವುದಿಲ್ಲ.) ಆದ್ದರಿಂದ ಕೇಳುತ್ತೇನೆ. ದನಿ ಚಲೋ ಇಲ್ಲದವಳ ಕೈಗೆ ಬಾಗಲಕೋಟೆ ಬಸ್ ನಿಲ್ದಾಣದ ಮೈಕ್ ಕೊಟ್ಟವರು ಯಾರು?

ಹೌದು, ಸುವರ್ಣಕ್ಕ ಈಗ ಅಲ್ಲಿ ಕಂಟ್ರೋಲರ್. ವರ್ಷಗಟ್ಟಲೆ ಕಂಡಕ್ಟರ್ ಆಗಿ ಬಸ್ಸಿನೊಳಗೆ ನಿಂತು, ಆಮೇಲೆ ಗಾಜಿನ ಕೋಣೆಯಲ್ಲಿ ಕೂತವಳು. ಹುನಗುಂದದ ಬಸ್ಸು ಎಲ್ಲಿ ನಿಂತಿದೆ ಎಂದು ಆಕೆ ಹೇಳಿದರೆ ನಿಲ್ದಾಣದ ಆಚೆ ಚಹಾ ಕುಡಿಯುತ್ತಿದ್ದವನೂ ಲೋಟ ಇಟ್ಟು ಓಡುತ್ತಾನೆ. ‘ಹೀರೋಯಿನ್ ಆಗಬೇಕಾದಾಕಿ ಬಸ್ ಸ್ಟ್ಯಾಂಡಿನ್ಯಾಗ ಕೂತಾಳ’ ಎಂದು ಮರುಗುವವರಿದ್ದಾರೆ. ಮರುಗುವುದಕ್ಕೆ ಅದರಲ್ಲಿ ಏನಿದೆ? ಮರುಗುವವರೂ ಬಸ್ಸು ಹಿಡಿಯುವುದು ಅವಳ ಮಾತು ಕೇಳಿಯೇ ಅಲ್ಲವೆ?

ಮೂರು ತಿಂಗಳ ಹಿಂದೆ ಮಂಜ ಫೋನ್ ಮಾಡಿದ. ನನ್ನ ಕ್ಲಾಸ್‌ಮೇಟ್. ಆಗ ಬಾದಾಮಿಯಲ್ಲಿ ಶೂಟಿಂಗ್ ನಡೆಸಿದ್ದ ಒಂದು ಸಿನಿಮಾಕ್ಕೆ ಅಸಿಸ್ಟೆಂಟ್ ಡೈರೆಕ್ಟರ್.

‘ಲೇ, ಗುಡೂರಿನ ಹುಡುಗಿ ಒಬ್ಬಾಕಿನ್ನ ಹಾಕ್ಕೊಂಡೇವಿ. ಭಾಗ್ಯಾ ಅಂತ, ಒಂಬತ್ತು ವರ್ಷ. ಮುಖ ಭಾಳ ಚಲೋ ಐತಿ, ಬಾಯಿ ತೆಗೆದ್ರ ತ್ರಾಸು. ಸುವರ್ಣಾ ಅಕ್ಕಾರು ಸಣ್ಣವರಿದ್ದಾಗ ಸಿನಿಮಾ ಮಾಡ್ಯಾರಲ್ಲ, ಕರಕೊಂಡ ಬಾ. ಹುಡುಗಿಗೆ ಶುದ್ಧ ಮಾತು ಕಲಿಸಲಿ.’

‘ಕಥಿ ಎಲ್ಲೀದು?’

‘ಬಾದಾಮೀದು.’

‘ಆ ಹುಡುಗಿ ಪಾತ್ರ ಯಾವೂರಂದು?’

‘ಇಲ್ಲೇ, ಗುಡೂರ ಕಡೀದು.’

‘ಮತ್ತ ಶುದ್ಧ ಮಾತು ಯಾವೂರಂದಲೇ?’

ಫೋನ್ ಕಟ್ಟಾಯಿತು. (ನೆಟ್‌ವರ್ಕ್ ಇರಲಿಲ್ಲವಂತೆ.)

ವಾರದ ರಜೆಯ ದಿನ ಸುವರ್ಣಕ್ಕ ನನ್ನ ಜೊತೆ ಹೊರಟಳು. ಬಸ್ಸು ಕೆರೂರು ದಾಟುವಷ್ಟರಲ್ಲಿ ನಾನು ಕೇಳಲೇಬೇಕಾದ್ದನ್ನು ಕೇಳಿದ್ದೆ. ‘ಅಕ್ಕಾ, ಖರೇನ ನಿಮ್ಮ ದನಿ ಚಲೋ ಇರಲಿಲ್ಲೇನು?’

ಆಕೆ ನಕ್ಕಳು. ‘ನನ್ನ ದನಿ ಯಾರ ಕೇಳ್ಯಾರೋ ತಮ್ಮಾ?’

ನಡೆದದ್ದು ಹೀಗೆ. ಎಂಟು ವರ್ಷದ ಸುವರ್ಣಾ ಮೊದಲನೇ ಪಿಕ್ಚರಿನ ಶೂಟಿಂಗ್‌ನಲ್ಲಿ ತನಗೆ ಬಂದಂತೆ ಮಾತಾಡಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಪಿಕ್ಚರ್ ಇಳಕಲ್ಲಿಗೆ ಬಂದ ದಿನ ಅವರ ಓಣಿಯವರು ಮಗ್ಗ ನಿಲ್ಲಿಸಿ ಟಾಕೀಸಿಗೆ ಹೋದರು. ಪರದೆಯ ಮೇಲೆ ಸುವರ್ಣಾ ಬಂದಳು, ಬಾಯಿ ತೆಗೆದಳು. ಹೊರಗೆ ಬಂದದ್ದು ಬೆಂಗಳೂರಿನ ಯಾವುದೋ ಮಗುವಿನ ನಯವಾದ ಮಾತು. ಕತ್ತಲಲ್ಲಿ ಅವಳ ಅಜ್ಜಿ ಎದ್ದು ನಿಂತು ಒದರಿದಳಂತೆ: ‘ಇದು ನಮ್ಮ ಸುವ್ವಿ ದನಿ ಅಲ್ಲ! ಯಾರದ ಹಚ್ಚೀರಿ?’

ಇಡೀ ಟಾಕೀಸು ನಕ್ಕಿತು. ಮರ್ಯಾದೆ ಉಳಿಸಿಕೊಳ್ಳಲು ಅವ್ವ ಒಂದು ಸುಳ್ಳು ಹೇಳಿದಳು: ‘ಶೂಟಿಂಗ್‌ನ್ಯಾಗ ಹುಡುಗಿ ಗಂಟಲಾ ಬಿದ್ದಿತ್ತು, ಅದಕ್ಕ ಬ್ಯಾರೇದವರ ದನಿ ಹಚ್ಯಾರ.’ ಓಣಿ ದಾಟುವಷ್ಟರಲ್ಲಿ ಗಂಟಲು ಬಿದ್ದದ್ದು ದನಿ ಕೆಟ್ಟದ್ದಾಗಿತ್ತು. ಮುಂದೆ ಸಾಲಿಯಲ್ಲಿ ವಚನ ಹೇಳಲು ಕರೆದರೆ ಸುವರ್ಣಾ ಎದ್ದು ನಿಲ್ಲುತ್ತಿದ್ದಳು, ಬಾಯಿ ತೆಗೆಯುತ್ತಿರಲಿಲ್ಲ. ಊರೆಲ್ಲ ಹೇಳುವುದನ್ನು ಅವಳೂ ನಂಬಿದ್ದಳು.

‘ಮೂರನೇ ಪಿಕ್ಚರಿಗೆ ಮಾತ ಕಲಿಸಲೇ ಇಲ್ಲ’ ಎಂದಳು. ‘ಒಂದು, ಎರಡು, ಮೂರು, ನಾಕು ಅನ್ನು, ತುಟಿ ಅಲಗಾಡಿದ್ರ ಸಾಕು ಅಂದ್ರು. ಅಪ್ಪ ಸಾಯೂ ಸೀನ್. ನಾ ಇಪ್ಪತ್ತರ ತನಕ ಎಣಿಸಿ ಅತ್ತೆ.’

ಕನ್ನಡದ ಗಂಧವಿಲ್ಲದ ನಟಿಯರಿಗೆ ಹೇಳಿಕೊಡುವ ಉಪಾಯ ಅದು. ಕನ್ನಡದ ಹುಡುಗಿಗೆ, ಕನ್ನಡ ಸಿನಿಮಾದಲ್ಲಿ!

ನನ್ನೊಳಗಿನ ಭಾಷಣಕಾರ ಕೂಡಲೇ ಸಿದ್ಧನಾದ. ಬಾಲ್ಯ ಕಸಿದ ಚಿತ್ರರಂಗ, ಶೋಷಣೆ, ಇತ್ಯಾದಿ. ಸುವರ್ಣಕ್ಕ ಅಲ್ಲೇ ತಡೆದಳು. ‘ಪೇಪರಿನ್ಯಾಗ ಹಂಗೇನ ಬರೀಬ್ಯಾಡ. ನನಗ ಶೂಟಿಂಗ್ ಅಂದ್ರ ಭಾಳ ಖುಷಿ ಇತ್ತು. ಲೈಟ್ ಬಿದ್ರ ಹಸಿವಿ ಸುದ್ದಾ ಮರೀತಿದ್ದೆ. ಈಗ ಕರೆದ್ರೂ ಹೋಗ್ತೇನಿ, ಡ್ಯೂಟಿ ನೋಡಿಕೊಂಡು.’

ಅಂದರೆ ಊರಿನ ‘ಪಾಪ’ವೂ ಸುಳ್ಳು, ನನ್ನ ‘ಅಯ್ಯೋ’ವೂ ಸುಳ್ಳು. ಒಂದೇ ಬಸ್ಸಿನಲ್ಲಿ ಎರಡು ವಾದ ಬಿದ್ದವು.

ಬಾದಾಮಿಯ ಕೆಂಪು ಬಂಡೆಯ ಕೆಳಗೆ ಕೊಡೆ, ಕುರ್ಚಿ, ಕ್ಯಾಮೆರಾ. ಭಾಗ್ಯಾ ಎರಡು ಜಡೆ ಹಾಕಿಕೊಂಡು ಹಾಳೆ ಹಿಡಿದು ನಿಂತಿದ್ದಳು. ‘ಅಪ್ಪಾ, ನಾನು ನಿಮ್ಮ ಜೊತೆ ಬರುವುದಿಲ್ಲ, ನೀವು ಹೊರಟುಹೋಗಿ’ ಎನ್ನಬೇಕು. ನಾವು ನೋಡನೋಡುತ್ತಲೇ ನಾಲ್ಕು ಸಲ ತಪ್ಪಿದಳು. ಪರೀಕ್ಷೆಯಲ್ಲಿ ಉತ್ತರ ಮರೆತವರ ಮುಖ. ಅಪ್ಪನ ಪಾತ್ರ ಮಾಡುವ ಬೆಂಗಳೂರಿನ ನಟ ಗಡಿಯಾರ ನೋಡುತ್ತಿದ್ದರು. ಅವಳ ಖರೆ ಅಪ್ಪ ದೂರದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು, ಮಗಳಿಗಿಂತ ಹೆಚ್ಚು ಬೆವತಿದ್ದರು.

ನಾನು ನಿರ್ದೇಶಕರ ಬಳಿ ಹೋದೆ. ಗುಡೂರಿನ ಹುಡುಗಿ ಗುಡೂರಿನಂತೆ ಮಾತಾಡಿದರೆ ನಷ್ಟವೇನು ಎಂದೆ.

‘ನೋಡಿ ಬ್ರದರ್, ನಂಗೂ ಇಷ್ಟಾನೇ’ ಎಂದರು. ‘ಆದ್ರೆ ಮೈಸೂರಲ್ಲಿ ಕೂತು ನೋಡೋರಿಗೆ ಅರ್ಥ ಆಗ್ಬೇಕಲ್ಲ? ಅರ್ಥ ಆಗ್ದಿದ್ರೆ ಈ ಪಾಪುನ ನೋಡಿ ನಗ್ತಾರೆ. ನಗಲಿ ಅಂತೀರಾ?’

ಒಳ್ಳೆಯ ಪ್ರಶ್ನೆ. ನಾನು ಅಸ್ಮಿತೆ ಎಂದೆ, ಪ್ರಾದೇಶಿಕತೆ ಎಂದೆ. ಅವರು ನೀರಿನ ಬಾಟಲಿ ಕೊಟ್ಟರು. ಚರ್ಚೆಯಲ್ಲಿ ಎದುರಾಳಿ ನೀರು ಕೊಟ್ಟ ಎಂದರೆ ನೀವು ಸೋತಿದ್ದೀರಿ ಎಂದೇ ಅರ್ಥ.

ಅಷ್ಟರಲ್ಲಿ ಭಾಗ್ಯಾ ಮತ್ತೆ ತಪ್ಪಿದಳು. ಮಂಜ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಅಕ್ಕರೆಯಿಂದಲೇ ಹೇಳಿದ: ‘ಹೋಗ್ಲಿ ಬಿಡವ್ವ. ಒಂದು, ಎರಡು, ಮೂರು ಅನ್ನು. ತುಟಿ ಅಲಗಾಡಿದ್ರ ಸಾಕು. ಮಾತು ಆಮ್ಯಾಲೆ ಬೆಂಗಳೂರಾಗ ಹಚ್ತೇವಿ.’

ಅಲ್ಲಿಯವರೆಗೆ ಕುರ್ಚಿ ಬಿಟ್ಟು ಏಳದ ಸುವರ್ಣಕ್ಕ ಎದ್ದಳು.

‘ಸರ, ಒಂದ ಮಾತು’ ಎಂದಳು ನಿರ್ದೇಶಕರಿಗೆ. ‘ಬಾದಾಮಿ ನೋಡಾಕ ಮೈಸೂರಿಂದ ಮಂದಿ ಬರ್ತಾರಿ. ನನ್ನ ಕಿಟಕಿಗೆ ಬಂದು ದಾರಿ ಕೇಳ್ತಾರ. ನಾ ನಮ್ಮ ಮಾತಿನ್ಯಾಗ ಹೇಳ್ತೇನಿ. ಇವತ್ತಿನ ತನಕ ಒಬ್ರಾದ್ರೂ ತಪ್ಪಿ ವಿಜಯಪುರದ ಬಸ್ ಹತ್ಯಾರೇನ್ರಿ?’

ಲೈಟ್ ಹಿಡಿದವರು ಮೊದಲು ನಕ್ಕರು. ಆಮೇಲೆ ನಿರ್ದೇಶಕರೂ.

‘ಮೇಡಂ, ನಿಮ್ಮನ್ನ ಕರೆಸಿದ್ದು ಅವಳಿಗೆ ಕಲಿಸೋದಕ್ಕೆ’ ಎಂದರು.

‘ಕಲಸ್ತೇನ್ರಿ. ಐದ ಮಿನಿಟ್ ಕೊಡ್ರಿ.’

ಅವಳು ಮಾಡಿದ್ದು ಎರಡು ಕೆಲಸ. ಭಾಗ್ಯಾಳ ಕೈಯಿಂದ ಹಾಳೆ ಇಸಿದುಕೊಂಡು ಮಡಚಿ ಪರ್ಸಿನಲ್ಲಿ ಹಾಕಿದಳು. ಆಮೇಲೆ ಕೇಳಿದಳು: ‘ನಿಮ್ಮಪ್ಪ ನಿನ್ನ ಜಬರದಸ್ತಿ ಊರಿಗೆ ಕರಕೊಂಡ ಹೊಂಟ್ರ ಏನಂತಿ?’

ಭಾಗ್ಯಾ ಒಮ್ಮೆ ದೂರದಲ್ಲಿದ್ದ ಅಪ್ಪನ ಕಡೆ ನೋಡಿದಳು. ‘ಅನ್ನಲೇನ್ರಿ?’

‘ಅನ್ನು. ಬೈಯಂಗಿಲ್ಲ ಅವರು.’

ಕ್ಯಾಮೆರಾ ಓಡಿತು. ಬೆಂಗಳೂರಿನ ಅಪ್ಪ ಅವಳ ಕೈ ಹಿಡಿದರು. ಭಾಗ್ಯಾ ಕೈ ಕೊಸರಿಕೊಂಡಳು.

‘ನಾ ಬರಂಗಿಲ್ಲಪ್ಪಾ. ನೀ ಹೋಗು. ಹೋಗಂದ್ರ ಹೋಗು!’

ಮರುಮಾತು ಆಡಬೇಕಿದ್ದ ನಟರು ಅದನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಮರೆತರೋ, ಖರೇ ಎದೆಗೆ ತಾಗಿತೋ, ಗೊತ್ತಿಲ್ಲ. (ಮರೆತೆ ಎಂದು ಅವರು ಹೇಳುತ್ತಾರೆ. ನಾನು ನಂಬುವುದಿಲ್ಲ.) ನಿರ್ದೇಶಕರಿಗೆ ಕಟ್ ಹೇಳುವುದನ್ನೂ ಯಾರೋ ನೆನಪಿಸಬೇಕಾಯಿತು.

ಮೊದಲು ಮಾತಾಡಿದ್ದು ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ ಸೌಂಡ್ ರೆಕಾರ್ಡಿಸ್ಟ್, ತಲೆ ನರೆತ ಮನುಷ್ಯ. ‘ಸರ್, ಇದು ಕ್ಲೀನ್ ಆಗಿದೆ. ಗಾಳಿ ಕೂಡ ಇಲ್ಲ. ಹೀಗೇ ಇಟ್ಕೋಬಹುದು.’ ನಂತರ ಹೆಡ್‌ಫೋನ್ ತೆಗೆದು ಸುವರ್ಣಕ್ಕನ ಕಿವಿಗೆ ಹಚ್ಚಿ ಅದೇ ಮಾತನ್ನು ಕೇಳಿಸಿದರು. ಅವಳು ಪೂರ್ತಿ ಕೇಳಿದಳು. ‘ಇನ್ನೊಮ್ಮಿ ಹಚ್ಚರಿ’ ಎಂದಳು. ಮೂರನೆಯ ಸಲ ಭಾಗ್ಯಾಳನ್ನು ಹತ್ತಿರ ಕರೆದು ಅವಳ ಕಿವಿಗೆ ಹಚ್ಚಿದಳು.

‘ಇದು ನಂದಾ?’ ಎಂದಳು ಭಾಗ್ಯಾ.

‘ನಿಂದ. ಹೆಂಗೈತಿ?’

‘ಚಲೋ ಐತ್ರಿ’ ಎಂದವಳು ನಾಚಿ ಅಪ್ಪನ ಕಡೆ ಓಡಿದಳು.

ನಿರ್ದೇಶಕರು ಕೆಟ್ಟವರಲ್ಲ. ಉಳಿದ ದೃಶ್ಯಗಳಲ್ಲೂ ಹುಡುಗಿಗೆ ಅವಳ ಮಾತೇ ಇರಲಿ ಎಂದರು. ಬರುವ ರಜೆಗಳಲ್ಲೂ ಬನ್ನಿ ಎಂದು ಸುವರ್ಣಕ್ಕನನ್ನು ಕೇಳಿಕೊಂಡರು. ಕೊನೆಗೆ ಒಂದು ಬಾಲ ಸೇರಿಸಿದರು: ‘ಫೈನಲ್ ಆಗಿ ಇದೇ ವಾಯ್ಸ್ ಇಡೋದಾ, ಡಬ್ ಮಾಡೋದಾ, ಎಡಿಟಿಂಗ್‌ನಲ್ಲಿ ನೋಡೋಣ.’

ಆಮೇಲೆ ಎರಡು ರಜೆ ಸುವರ್ಣಕ್ಕ ಬಾದಾಮಿಗೆ ಹೋಗಿ ಬಂದಳು. ಶೂಟಿಂಗ್ ಮುಗಿದು ಈಗ ಯೂನಿಟ್ ಬೆಂಗಳೂರು ಸೇರಿದೆ. ಗುಡೂರಿನ ಸಾಲಿಯಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಭಾಗ್ಯಾ ಎಲ್ಲರಿಗಿಂತ ಮುಂದೆ ನಿಂತು ವಚನ ಹೇಳುತ್ತಿದ್ದಾಳೆ, ಅದೂ ಎಷ್ಟು ಜೋರಾಗಿ ಎಂದರೆ ಮಾಸ್ತರು ‘ಸ್ವಲ್ಪ ಸಣ್ಣಗ ಅನ್ನವ್ವ’ ಎನ್ನುವಷ್ಟು. ಸುವರ್ಣಕ್ಕನಿಗೆ ಫೋನ್ ಮಾಡಿದಾಗಲೆಲ್ಲ ಅವಳು ಕೇಳುವುದು ಒಂದೇ: ‘ಅಕ್ಕಾರ, ನನ್ನ ದನಿ ಇಟ್ಟಾರಂತೇನ್ರಿ?’ ಸುವರ್ಣಕ್ಕ ‘ಇಡ್ತಾರವ್ವ’ ಎನ್ನುತ್ತಾಳೆ. ಬಸ್ಸಿನ ವೇಳೆ ಹೇಳುವಾಗಿನ ಖಾತ್ರಿ ಆ ಮಾತಿನಲ್ಲಿ ಇರುವುದಿಲ್ಲ, ಆದರೂ ಎನ್ನುತ್ತಾಳೆ.

ಎಲ್ಲವನ್ನೂ ಅನುಮಾನದಿಂದ ನೋಡುವ ನಾನೂ ಈ ಒಂದು ಸಲ ಅವಳ ಕಡೆಗೇ ವಾಲಿದ್ದೇನೆ. ಆದರೆ ಮಂಜ ‘ಕೇಳಿ ಹೇಳ್ತೇನಿ’ ಎಂದು ವಾರಗಳಾದವು, ನಿರ್ದೇಶಕರು ನನ್ನ ಫೋನ್ ಎತ್ತುತ್ತಿಲ್ಲ. ಅವರು ಪೇಪರ್ ಓದುತ್ತಾರೆಂದು ಗೊತ್ತು. ಅದಕ್ಕೇ ಈ ಅಂಕಣದಲ್ಲೇ ಕೇಳುತ್ತಿದ್ದೇನೆ.

ಸರ್, ಎಡಿಟಿಂಗ್‌ನಲ್ಲಿ ನೋಡಿದಿರಾ?